ಮೀರಾಸಾಬನ ಮರಿಯಂ ಹೂವು

ಖಾನಾಪುರದ ಮೀರಾಸಾಬ ಕೆಟ್ಟವನೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕೆಟ್ಟವನಾಗಬೇಕಾದರೂ ಮನುಷ್ಯನಿಗೆ ಒಂದಿಷ್ಟು ಗಟ್ಟಿತನ ಬೇಕು. ಮೀರಾಸಾಬನಿಗೆ ಅದಿರಲಿಲ್ಲ. ನಾಲ್ಕು ಜನ ತನ್ನನ್ನು ಕಂಡು ಎದ್ದು ನಿಲ್ಲಬೇಕು, ಕುರ್ಚಿ ಎಳೆದು ಹಾಕಬೇಕು, ಚಹಾ ತರಿಸಬೇಕು ಎಂಬ ಆಸೆಯೊಂದೇ ಅವನ ಜೀವ ಹಿಡಿದಿಟ್ಟಿತ್ತು. ಆ ಮರ್ಯಾದೆಗೆ ತಕ್ಕ ಕೆಲಸ ಮಾತ್ರ ಅವನ ಕೈಗೆ ಎಂದೂ ಒಗ್ಗಲಿಲ್ಲ.

ಹರೆಯದಲ್ಲಿ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಗೆ ಸೇರಿದ್ದ. ಕಾದ ಕಬ್ಬಿಣದ ಝಳ ತಾಳುವುದಿಲ್ಲ ಎಂದು ಬಿಟ್ಟು ಬಂದ. ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಪಂಕ್ಚರ್ ಅಂಗಡಿ ಹಾಕಿದ. ಬಗ್ಗಿ ಕೂತರೆ ಸೊಂಟ ಹಿಡಿಯುತ್ತದೆ ಎಂದು ಅದನ್ನೂ ಮುಚ್ಚಿದ. ಮನೆ ನಡೆಯುತ್ತಿದ್ದುದು ಹೆಂಡತಿ ಫಕ್ರುನ್ನಿಸಾ ಹೊಲಿಯುವ ಕೌದಿಗಳಿಂದ. ಹಳೆಯ ಸೀರೆ, ಧೋತರ, ಲುಂಗಿ ಏನೇ ತಂದುಕೊಟ್ಟರೂ ಅವಳು ಪದರ ಹಾಕಿ, ಸಾಲು ಹೊಲಿಗೆಯಲ್ಲಿ ಕೌದಿ ಮಾಡಿ ಕೊಡುತ್ತಿದ್ದಳು. ಊರಿನ ಅರ್ಧ ಮನೆಗಳ ಮಕ್ಕಳು ಅವಳ ಕೌದಿಯಲ್ಲೇ ಮಲಗಿ ಬೆಳೆದವರು. ಅವಳು ಹೊಲಿಯುತ್ತಿದ್ದಾಗ ಮೀರಾಸಾಬ ಬಾಗಿಲ ಕಟ್ಟೆಯ ಮೇಲೆ ಕೂತು, ಹೋಗಿ ಬರುವವರಿಗೆ ರಾಜಕಾರಣ ಬೋಧಿಸುತ್ತಿದ್ದ.

ಕೊನೆಗೆ ಬೆಳಗಾವಿಯ ಒಬ್ಬ ಬಾವರ್ಚಿಯ ಕೈಕೆಳಗೆ ಮದುವೆ ಅಡುಗೆಗೆ ಹೋಗತೊಡಗಿದ. ಮನೆಗೆ ಬಂದು ತಾನೇ ಬಿರಿಯಾನಿಯ ದಮ್ ಕಟ್ಟುವುದೆಂದು ಹೇಳುತ್ತಿದ್ದ. ಅಲ್ಲಿ ಅವನು ಸುಲಿಯುತ್ತಿದ್ದುದು ಉಳ್ಳಾಗಡ್ಡಿ. ಅದು ಅವನ ಅಂಗಿಯ ವಾಸನೆಯಿಂದಲೇ ಓಣಿಗೆಲ್ಲ ಗೊತ್ತಾಗುತ್ತಿತ್ತು.

ಆ ಉಳ್ಳಾಗಡ್ಡಿಯೇ ಅವನನ್ನು ಮಕ್ಕಾ ಮದೀನಾಕ್ಕೆ ಮುಟ್ಟಿಸಿತು. ಉಮ್ರಾ ಯಾತ್ರೆಗೆ ಜನರನ್ನು ಕರೆದೊಯ್ಯುವವರೊಬ್ಬರು ಆ ಬಾವರ್ಚಿಯನ್ನು ಅಡುಗೆಗೆಂದು ಜೊತೆಗೆ ಒಯ್ದರು. ಅವನು ಮೀರಾಸಾಬನನ್ನು ಕೈಯಾಳಾಗಿ ಕರೆದುಕೊಂಡ. ಹೋದದ್ದು ಉಮ್ರಾಕ್ಕೆ. ಹಜ್ ಬೇರೆ, ಉಮ್ರಾ ಬೇರೆ, ಹಜ್ ಮಾಡಿದವನಷ್ಟೇ ಹಾಜಿ ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಆದರೆ ತಿರುಗಿ ಬಂದು ಖಾನಾಪುರದ ಬಸ್ ನಿಲ್ದಾಣದಲ್ಲಿ ಇಳಿದವನು ಹಾಜಿ ಮೀರಾಸಾಬ. ಯಾರಾದರೂ ಬರಿ ಹೆಸರು ಹಿಡಿದು ಕೂಗಿದರೆ ಕೇಳಿಸದವನಂತೆ ಮುಂದೆ ಹೋಗುತ್ತಿದ್ದ.

ಬರುವಾಗ ಅವನು ಮರಿಯಂ ಹೂವು ತಂದಿದ್ದ. ಹೂವು ಎನ್ನುವುದು ಹೆಸರಿಗಷ್ಟೇ. ಮರಳುಗಾಡಿನ ಆ ಪುಟ್ಟ ಗಿಡ ಒಣಗಿ, ಟೊಂಗೆಗಳನ್ನೆಲ್ಲ ಒಳಗೆ ಮಡಚಿಕೊಂಡು, ಮುದುಕಿಯ ಬಿಗಿಮುಷ್ಟಿಯಂತೆ ಕಾಣುತ್ತದೆ. ನೀರಿನಲ್ಲಿಟ್ಟರೆ ಮೆಲ್ಲಗೆ ಬೆರಳು ಬಿಡಿಸಿದಂತೆ ಅರಳುತ್ತದೆ. ಹೆರಿಗೆ ಬ್ಯಾನಿ ಬಂದಾಗ ಇದನ್ನು ಬಟ್ಟಲಿನ ನೀರಿನಲ್ಲಿಟ್ಟರೆ, ಹೂವು ಬಿಚ್ಚಿಕೊಂಡಂತೆ ಹೆಣ್ಣಿನ ಕಷ್ಟವೂ ಬಿಚ್ಚಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮ ಕಡೆ ಹಳೆಯದು. ಎಷ್ಟೋ ಮನೆಗಳ ಅಜ್ಜಿಯಂದಿರು ಇಂಥದೊಂದನ್ನು ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿರುತ್ತಾರೆ, ಬ್ಯಾನಿ ತಿನ್ನುವವಳ ಕಣ್ಣ ಮುಂದೆ ಇಟ್ಟು ಸಮಾಧಾನ ಹೇಳುತ್ತಾರೆ. ಅದರಲ್ಲಿ ಯಾರಿಗೂ ಕೇಡಿಲ್ಲ. ಆ ಅಜ್ಜಿಯಂದಿರು ದವಾಖಾನೆಗೆ ಗಾಡಿ ತರಿಸುವುದನ್ನು ಮರೆಯುವುದೂ ಇಲ್ಲ.

ಮೀರಾಸಾಬ ಅದನ್ನು ತನ್ನ ಗಾದಿ ಮಾಡಿಕೊಂಡ.

"ಮದೀನಾದ ಹೊರಗ ಒಂದು ಕಲ್ಲಿನ ಗುಡ್ಡ ಐತಿ," ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. "ಒಂದು ಹುಲ್ಲಕಡ್ಡಿ ಹುಟ್ಟೂದಿಲ್ಲ ಅಲ್ಲೆ. ಬಂಡೆ ಕಾದು ಕೆಂಡ ಆಗಿರತೈತಿ. ಬರಿಗಾಲಿಲೆ ಹತ್ತಿದ್ನಿ. ಇಳಿಜಾರಿನ್ಯಾಗ ಇದೊಂದ ಗಿಡ ನನ್ನ ದಾರಿ ಕಾಯಕೋತ ಕುಂತಿತ್ತು."

ಒಳಗಿನಿಂದ ಫಕ್ರುನ್ನಿಸಾ ಸೂಜಿ ನಿಲ್ಲಿಸದೆ ಕೇಳಿದಳು: "ನಿಮ್ಮ ಬ್ಯಾಗ್ ಬಿಚ್ಚಿದಾಕಿ ನಾನ. ಡಜನ್‌ಗಟ್ಟಲೆ ಇದ್ದೂವು, ಪಿನ್ ಹೊಡೆದ ಪ್ಲಾಸ್ಟಿಕ್ ಚೀಲದಾಗ. ಆ ಗುಡ್ಡದ ಮ್ಯಾಲ ಸ್ಟೇಪ್ಲರೂ ಬೆಳಿತಾವೇನ್ರಿ?"

ಕೂತವರು ನಕ್ಕರು. ಮೀರಾಸಾಬನೂ ಹೆಂಗಸರ ಮಾತಿಗೆ ದೊಡ್ಡವರು ನಗುವ ಹಾಗೆ ನಕ್ಕ. ಆದರೆ ನಕ್ಕವರೇ ಮನೆಯಲ್ಲಿ ಬಸುರಿ ಇದ್ದಾಗ ಅವನ ಬಾಗಿಲಿಗೆ ಬಂದರು. ನಮ್ಮ ಊರಿನ ಜನರ ನಗುವಿಗೂ ನಂಬಿಕೆಗೂ ನಡುವೆ ಗೋಡೆಯೇ ಇಲ್ಲ. ಮುಸಲ್ಮಾನರ ಮನೆಯವರು ಬಂದರು, ಲಿಂಗಾಯತರ ಮನೆಯವರು ಬಂದರು, ಮರಾಠಿ ಮಾತಾಡುವವರು ಬಂದರು. ಮಸೀದಿಯ ಹಿರಿಯರೊಬ್ಬರು, "ಇದು ದೀನಿನ, ಧರ್ಮದ ಮಾತಲ್ಲ ಮೀರಾಸಾಬ, ಹಂಗ ಹೇಳಿ ಜನರನ್ನ ಕೆಡಸಬ್ಯಾಡ" ಎಂದು ಹೇಳಿ ನೋಡಿದರು. ಅವರಿಗೆ ತನ್ನ ಮೇಲೆ ಹೊಟ್ಟೆಕಿಚ್ಚು ಎಂದ.

ಕರೆ ಬಂದರೆ ಅವನು ಹೂವನ್ನು ಹಸಿರು ಬಟ್ಟೆಯಲ್ಲಿ ಸುತ್ತಿ, ತಾಟಿನಲ್ಲಿಟ್ಟುಕೊಂಡು, ಅತ್ತರು ಹಚ್ಚಿಕೊಂಡು ಹೊರಡುತ್ತಿದ್ದ. ಹೆರಿಗೆ ಸುಸೂತ್ರವಾದರೆ ಅದು ಹೂವಿನ ಬರ್ಕತ್ತು. ಕಷ್ಟವಾದರೆ ಆ ಮನೆಯವರ ಮನಸ್ಸು ಶುದ್ಧವಿರಲಿಲ್ಲ. ಹೀಗೆ ಎರಡೂ ಕಡೆಯಿಂದ ಗೆಲ್ಲುವ ಆಟವನ್ನು ಅವನು ಜನ್ಮದಲ್ಲಿ ಮೊದಲ ಸಲ ಕಲಿತಿದ್ದ. ಹೆತ್ತವಳು ಒಳಗೆ ಬೆವರಿನಲ್ಲಿ ತೊಯ್ದು ಬಿದ್ದಿರುತ್ತಿದ್ದಳು, ಇವನು ಪಡಸಾಲೆಯಲ್ಲಿ ಶಿರಾ ತಿನ್ನುತ್ತ ಅಭಿನಂದನೆ ಸ್ವೀಕರಿಸುತ್ತಿದ್ದ.

ಎದುರು ಮನೆಯ ದುಂಡಪ್ಪ ಕ್ರೂಸರ್ ಗಾಡಿ ಓಡಿಸುವವನು. ಅವನ ಹೆಂಡತಿ ಕಾಂತಾಗೆ ಚೊಚ್ಚಿಲು. ಒಂದು ಮುಂಜಾನೆ ಅವಳಿಗೆ ಬ್ಯಾನಿ ಶುರುವಾದವು. ಆಶಾ ಕಾರ್ಯಕರ್ತೆ ಬಂದು ನೋಡಿ, ಈಗಲೇ ದವಾಖಾನೆಗೆ ಹೊರಡಿ ಎಂದಳು. ಗಾಡಿ ಬಾಗಿಲಲ್ಲೇ ನಿಂತಿತ್ತು. ಆದರೆ ದುಂಡಪ್ಪನ ತಾಯಿ ಗಂಗಾದೇವಿ ಮೊದಲು ಹೂವು ತರಿಸಿದಳು. ಮೀರಾಸಾಬ ಬಟ್ಟಲಿನಲ್ಲಿ ಹೂವಿಟ್ಟು ಅದರ ಮುಂದೆ ಕೂತ.

"ಪೂರಾ ಬಿಚ್ಚಲಿ, ಆಮ್ಯಾಲ ಹೋಗ್ರಿ," ಎಂದ. "ಅರ್ಧಕ್ಕ ಎಬ್ಬಿಸಿದ್ರ ಬ್ಯಾನಿ ಹಿಂದ ಹೋಗತಾವ."

ಅವರು ಕಾದರು. ಹೂವು ಸಾವಕಾಶ ಬಿಚ್ಚಿತು. ಅದು ಪೂರಾ ಬಿಚ್ಚುವ ಹೊತ್ತಿಗೆ ಮಧ್ಯಾಹ್ನ ಹೊರಳಿತ್ತು, ಕಾಂತಾಳ ಹೊಟ್ಟೆಯೊಳಗಿನ ಮಿಸುಕಾಟ ನಿಂತಿತ್ತು. ದವಾಖಾನೆಯಲ್ಲಿ ಕೂಸು ಸತ್ತೇ ಹುಟ್ಟಿತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತಂತೆ. ಬೇಗ ಬಂದಿದ್ದರೆ ನೋಡಬಹುದಿತ್ತು ಎಂದು ಅಲ್ಲಿ ಹೇಳಿದರು.

ಮೀರಾಸಾಬ ಮಣ್ಣಿಗೆ ಹೋಗಿ ಬಂದು ಗಂಗಾದೇವಿಗೆ ಸಮಾಧಾನ ಹೇಳಿದ. "ಬಟ್ಟಲಾ ಯಾರೋ ದಾಟ್ಯಾರವ್ವಾ, ಅದಕ್ಕ ಹಿಂಗಾತು. ನಾ ನೋಡಿದ್ನಿ, ಹೇಳಲಿಲ್ಲ."

ಆ ಮುದುಕಿ ನಂಬಿದಳು. ಬಟ್ಟಲು ದಾಟಿದವರು ಯಾರು ಎಂದು ಸೊಸೆಯನ್ನೇ ಕೇಳಿದಳು. ಬ್ಯಾನಿ ತಿನ್ನುತ್ತ ಕೋಣೆಯಲ್ಲಿ ಅಡ್ಡಾಡಿದವಳು ಕಾಂತಾ ಒಬ್ಬಳೇ. ಅಂದಿನಿಂದ ಆ ಹುಡುಗಿ ಕೂಸು ತಿಂದವಳಾದಳು, ಅದೂ ಮೀರಾಸಾಬನ ಒಂದು ಮಾತಿನಿಂದ.

ಈ ಮಾತು ಫಕ್ರುನ್ನಿಸಾಳ ಕಿವಿಗೆ ಬಿದ್ದ ದಿನ ಅವಳು ಗಂಡ ಹೊರಗೆ ಹೋದದ್ದನ್ನು ನೋಡಿ ಒಂದು ಹೂವು ತೆಗೆದು, ಪಾತ್ರೆ ತೊಳೆಯುವ ಬೋಗುಣಿಯ ನೀರಿನಲ್ಲಿ ಹಾಕಿದಳು. ಎಂಜಲ ನೀರಿನಲ್ಲೂ ಅದು ಹಾಗೆಯೇ ಅರಳಿತು. ತೆಗೆದು ಬಿಸಿಲಿಗಿಟ್ಟಳು. ಮತ್ತೆ ಮುಷ್ಟಿ ಕಟ್ಟಿತು. ಅವಳಿಗೆ ಅಷ್ಟು ಸಾಕಾಗಿತ್ತು. ಆದರೂ ಖಾತ್ರಿ ಮಾಡಿಕೊಳ್ಳಬೇಕೆಂದು, ಕೌದಿ ಕೊಡಲು ಹೋದಾಗ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಗೌರೀಶ ಮಾಸ್ತರನ್ನು ಕೇಳಿದಳು.

"ಇದು ಸಾಸಿವಿ ಕುಲದ್ದ ನೋಡ್ರಿ ಚಾಚಿ," ಎಂದ ಅವನು. "ಮರಳುಗಾಡಿನ್ಯಾಗ, ಕಲ್ಲಿನ ಇಳಿಜಾರಿನ್ಯಾಗ ಬೆಳಿತೈತಿ. ಮಳಿ ಬಿದ್ದಾಗ ಹುಟ್ಟತೈತಿ, ಬಿಳೇ ಸಣ್ಣ ಹೂ ಬಿಟ್ಟು ಬೀಜ ಕಟ್ಟಿ ಸಾಯತೈತಿ. ಸತ್ತ ಮ್ಯಾಲ ಟೊಂಗಿ ಮಡಚಿ ಬೀಜ ಮುಚ್ಚಿ ಇಟ್ಟಿರತೈತಿ. ಮತ್ತ ನೀರ ಬಿದ್ದಾಗ ಬಿಚ್ಚಿ ಬೀಜ ಉದರಸತೈತಿ. ಅದಕ್ಕ ಜೀವ ಇರೂದಿಲ್ಲ."

"ಸಾಸಿವಿ ಅಂದ್ರ ನಮ್ಮ ಒಗ್ಗರಣಿ ಸಾಸಿವಿ?"

"ಅದರ ಅಕ್ಕತಂಗಿ ಅನ್ರಿ."

ಅವಳು ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಬಂದಳಂತೆ. ಆ ನಗೆಯಲ್ಲಿ ಸಂತೋಷ ಇರಲಿಲ್ಲ. ಗಿಡದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಬಂಡೆಯ ಮೇಲೆ ಹುಟ್ಟಿ, ಸತ್ತ ಮೇಲೂ ತನ್ನ ಬೀಜ ಕಾಯುವ ಗಿಡ ಅದು. ಬದುಕಿದ್ದೂ ಏನನ್ನೂ ಕಾಯದವನೊಬ್ಬ ಅದನ್ನು ತಾಟಿನಲ್ಲಿಟ್ಟು ಮೆರೆಸುತ್ತಿದ್ದ. ಅಂದಿನಿಂದ ಗಂಡನಿಗೆ ಹೊತ್ತು ಹೊತ್ತಿಗೆ ಊಟ ಬಡಿಸುತ್ತಿದ್ದಳು, 'ರೀ' ಎಂದೇ ಕರೆಯುತ್ತಿದ್ದಳು, ಅವನ ಮುಖ ಮಾತ್ರ ನೋಡುತ್ತಿರಲಿಲ್ಲ. ಮೀರಾಸಾಬ ಅದನ್ನು ತನ್ನ ಮೇಲಿನ ಅದಬು, ಗೌರವ ಎಂದುಕೊಂಡ.

ಅವರ ಒಬ್ಬನೇ ಮಗ ಫರಾಜ. ಅಪ್ಪ ಬಿಟ್ಟು ಬಂದ ಉದ್ಯಮಬಾಗದಲ್ಲೇ ಬೇರೊಂದು ಕಾರ್ಖಾನೆಯಲ್ಲಿ ದುಡಿಯುತ್ತ ದಿನವೂ ಬಸ್ಸಿಗೆ ಹೋಗಿ ಬರುತ್ತಿದ್ದ. ಕೆಲಸಗಾರ ಹುಡುಗ, ಆದರೆ ಅಪ್ಪನ ಮುಂದೆ ಬಾಯಿ ಬಿಡುವವನಲ್ಲ. ಅವನ ಹೆಂಡತಿ ಖುಶ್ನುಮಾ ಬಸುರಾದಳು. ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ, ಮಾಸು ಕೆಳಗೆ ಕೂತಿದೆ, ರಕ್ತ ಹೋಗುವ ಅಪಾಯವಿದೆ, ದಿನ ತುಂಬುವ ಮೊದಲೇ ಬೆಳಗಾವಿಗೆ ಹೋಗಿ ದಾಖಲಾಗಿ ಎಂದು ಬಿಡಿಸಿ ಹೇಳಿದಳು.

ಮೀರಾಸಾಬನಿಗೆ ಇದು ಮಾನದ ಪ್ರಶ್ನೆಯಾಯಿತು. ಊರಿಗೆಲ್ಲ ಹೂವು ಕೊಟ್ಟವನ ಸೊಸೆ ಹೊಟ್ಟೆ ಕೊಯ್ಯಿಸಿಕೊಂಡರೆ ಜನ ಏನೆಂದಾರು? ಇನ್ನೂ ಹೊತ್ತಿದೆ, ಅಮಾವಾಸ್ಯೆ ಕಳೆಯಲಿ, ದಾಖಲಾದರೆ ಅವರು ಸುಮ್ಮನೆ ಕೊಯ್ಯುತ್ತಾರೆ ಎಂದು ಮಗನ ಕಿವಿ ಊದಿದ. ಫರಾಜ ತಾಯಿಯ ಮುಂದೆ ಹೂಂ ಎಂದ, ತಂದೆಯ ಮುಂದೆಯೂ ಹೂಂ ಎಂದ. ಇಂಥ ಮಕ್ಕಳನ್ನು ಒಳ್ಳೆಯವರೆನ್ನುವುದು ಲೋಕರೂಢಿ.

ಫಕ್ರುನ್ನಿಸಾ ಹೆದರಿದಂತೆಯೇ ಆಯಿತು. ಒಂದು ಬೆಳಿಗ್ಗೆ ಫರಾಜ ಕೆಲಸಕ್ಕೆ ಹೋದ ಮೇಲೆ ಖುಶ್ನುಮಾ ಬಚ್ಚಲಿನಿಂದ ಕೂಗಿದಳು. ಅವಳ ಕಾಲುಗುಂಟ ರಕ್ತ ಇಳಿಯುತ್ತಿತ್ತು. ಫಕ್ರುನ್ನಿಸಾ ಅವಳನ್ನು ಹಿಡಿದು ತಂದು ಮಲಗಿಸುವಷ್ಟರಲ್ಲಿ ಮೀರಾಸಾಬ ಬಟ್ಟಲಿಗೆ ನೀರು ತುಂಬಿ ಹೂವು ಬಿಟ್ಟು, ತಲೆಗೆ ಟೋಪಿ ಹಾಕಿಕೊಂಡು ಬಂದಿದ್ದ.

"ಗಾಬರಿ ಆಗಬ್ಯಾಡ್ರಿ. ನೋಡ್ರಿ, ಆಗಲೇ ಬಿಚ್ಚಾಕ ಹತ್ತೈತಿ. ಎಲ್ಲಾ ಸುಸೂತ್ರ ಆಗತೈತಿ."

ಫಕ್ರುನ್ನಿಸಾ ಬಹಳ ದಿನಗಳ ಮೇಲೆ ಅವನ ಮುಖ ನೋಡಿದಳು. "ನೀರಾಗ ಹಾಕಿದ್ರ ಬಿಚ್ಚತೈತಿ. ಹೆಣಾನೂ ನೀರಾಗ ಹಾಕಿದ್ರ ಉಬ್ಬತೈತಿ. ಅದನ್ನ ಜೀವ ಬಂತು ಅಂತೀರೇನು? ಸರೀರಿ ಆ ಕಡೆ."

ಅವಳು ಬಟ್ಟಲನ್ನು ಕಾಲಿನಿಂದ ಬದಿಗೆ ಸರಿಸಿ ಬಾಗಿಲಿಗೆ ಓಡಿದಳು. ಎದುರಿಗೆ ದುಂಡಪ್ಪ ಗಾಡಿ ತೊಳೆಯುತ್ತಿದ್ದ. ಏನು, ಯಾಕೆ ಎಂದು ಅವನು ಕೇಳಲಿಲ್ಲ. ಕೈಯಲ್ಲಿದ್ದ ಅರಿವೆ ಒಗೆದು ಗಾಡಿ ತಿರುಗಿಸಿದ. ಒಳಗಿನಿಂದ ಕಾಂತಾ ಬಂದು ಖುಶ್ನುಮಾಳ ಕಾಲು ಹಿಡಿದು ಎತ್ತಿದಳು, ತಾನೂ ಹತ್ತಿ ಕೂತಳು. ಅವಳ ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು, ತಡೆಯಲಿಲ್ಲ.

ದಾರಿಯಲ್ಲಿ ಫಕ್ರುನ್ನಿಸಾ ಮಗನಿಗೆ ಫೋನ್ ಮಾಡಿದಳು. ಅವನು, "ಅಬ್ಬಾ ಏನಂತಾರ ಅಮ್ಮಿ?" ಎಂದ.

"ನಿಮ್ಮಪ್ಪ ಏನಂತಾರ ಅಂತ ಹೇಳಾಕ ಫೋನ್ ಮಾಡಿಲ್ಲ. ನೆಹರು ನಗರದ ದವಾಖಾನಿಗೆ ಬಾ. ರಕ್ತ ಬೇಕಾಗತೈತಿ, ನಾಲ್ಕ ಮಂದಿನ್ನ ಕರಕೊಂಡ ಬಾ."

ಮೀರಾಸಾಬ ಮುಂದಿನ ಸೀಟಿನಲ್ಲಿ ಕೂತಿದ್ದ. ಹೂವನ್ನು ಒದ್ದೆಯಾಗಿಯೇ ಜೇಬಿಗೆ ಹಾಕಿಕೊಂಡು ಬಂದಿದ್ದ. ಬೆಳಗಾವಿ ಮುಟ್ಟುವವರೆಗೂ ಅವನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಂದೆ ಕಾಂತಾಳ ತೊಡೆಯ ಮೇಲೆ ಖುಶ್ನುಮಾಳ ತಲೆ ಇತ್ತು. ಕಾಂತಾ ಅವಳ ಹೆಸರು ಹಿಡಿದು ಕರೆಯುತ್ತಲೇ ಇದ್ದಳು, ಕಣ್ಣು ಮುಚ್ಚಲು ಬಿಡಲಿಲ್ಲ.

ದವಾಖಾನೆಯಲ್ಲಿ ಕೂಡಲೇ ಒಳಗೆ ಒಯ್ದರು. ಫರಾಜ ತನ್ನ ಕಾರ್ಖಾನೆಯ ಗೆಳೆಯರನ್ನು ಕರೆದುಕೊಂಡು ಬಂದ. ತೋಳಿಗೆ ಮೆತ್ತಿದ ಮಸಿಯನ್ನೂ ತೊಳೆಯದೆ ಬಂದಿದ್ದರು, ಒಬ್ಬರ ಹಿಂದೊಬ್ಬರು ರಕ್ತ ಕೊಟ್ಟರು. ನರ್ಸ್ ಮೀರಾಸಾಬನನ್ನೂ ಕೇಳಿದಳು. ತನಗೆ ತಲೆ ಸುತ್ತುತ್ತದೆ ಎಂದು ಹೇಳಿ ಅವನು ಚಹಾಕ್ಕೆ ಹೋದ. ತಿರುಗಿ ಬರುವಾಗ ಆಪರೇಷನ್ ಕೋಣೆಯ ಬಾಗಿಲ ಹತ್ತಿರ ಹೂವು ಹಿಡಿದು ನಿಂತ. ವಾರ್ಡ್ ಬಾಯ್, "ಅಜ್ಜಾ, ಇಲ್ಲಿ ಕಸ ತರಬ್ಯಾಡ್ರಿ, ಹೊರಗ ಡಬ್ಬಿ ಐತಿ" ಎಂದು ಬೆಂಚು ತೋರಿಸಿದ.

ಹೆಣ್ಣುಕೂಸು ಬದುಕಿತು. ಖುಶ್ನುಮಾ ಕೆಲವು ದಿನ ಗಂಡಾಂತರದಲ್ಲೇ ಇದ್ದು, ಅವಳೂ ಬದುಕಿದಳು. ಇನ್ನೊಂದು ಮಗುವಾಗುವ ಹಾಗಿಲ್ಲ ಎಂದು ಡಾಕ್ಟರು ಹೇಳಿದಾಗ ಫರಾಜ ಗೋಡೆಗೆ ಹಣೆ ಹಚ್ಚಿ ಅತ್ತ. ಫಕ್ರುನ್ನಿಸಾ ಅವನ ಬೆನ್ನ ಮೇಲೆ ಕೈಯಿಡಲಿಲ್ಲ. "ಅಳೂದು ಆದಮ್ಯಾಲ ಒಳಗ ಹೋಗಿ ಆಕಿ ಮುಂದ ಕುಂದರ," ಎಂದಳು.

ಇಷ್ಟಾದ ಮೇಲೆ ಮನುಷ್ಯನಾದವನು ಒಂದು ವರ್ಷವಾದರೂ ಬಾಯಿ ಮುಚ್ಚಿಕೊಂಡಿರುತ್ತಾನೆ. ಮೀರಾಸಾಬ ಖಾನಾಪುರಕ್ಕೆ ಬಂದ ದಿನವೇ ಕಟ್ಟೆ ಹತ್ತಿದ. ಡಾಕ್ಟರರು ಕೈಚೆಲ್ಲಿದ್ದರಂತೆ. ಇವನು ಆಪರೇಷನ್ ಕೋಣೆಯ ಹೊಸ್ತಿಲಿಗೆ ಹೂವಿನ ನೀರು ಚಿಮುಕಿಸಿದನಂತೆ. ಮರುಕ್ಷಣ ಒಳಗೆ ಕೂಸು ಅತ್ತಿತಂತೆ. ದೊಡ್ಡ ಡಾಕ್ಟರು ಹೊರಗೆ ಬಂದು, ಹಾಜಿಸಾಬ, ಇದೇನು ನಿಮ್ಮ ಕರಾಮತ್ತು ಎಂದು ಕೈ ಹಿಡಿದರಂತೆ. ಕೇಳುವವರು ತಲೆಯಾಡಿಸಿದರು. ಮರುವಾರ ಮತ್ತೆ ಎರಡು ಮನೆಯಿಂದ ಕರೆ ಬಂತು.

ಬಾಣಂತಿಯ ನಲವತ್ತು ದಿನದ ಚಿಲ್ಲಾ ಮುಗಿದ ಮೇಲೆ ಮನೆಯಲ್ಲಿ ಊಟವಿಟ್ಟುಕೊಂಡರು. ಲಿಂಗಾಯತ ನೆರೆಯವರಿಗೆಂದು ಫಕ್ರುನ್ನಿಸಾ ದುಂಡಪ್ಪನ ಮನೆಯ ಒಲೆಯಲ್ಲೇ ಬೇರೆ ಅಡುಗೆ ಮಾಡಿಸಿದ್ದಳು. ಅಂಗಳದಲ್ಲಿ ಪೆಂಡಾಲ್ ಹಾಕಿತ್ತು. ಮೊದಲ ಪಂಕ್ತಿ ಕೂರುವ ಮುಂಚೆ ಮೀರಾಸಾಬ ನಡುವೆ ನಿಂತು ಹೊಸ್ತಿಲ ನೀರಿನ ಕಥೆ ಎತ್ತಿಕೊಂಡ. ಅವನು ದೊಡ್ಡ ಡಾಕ್ಟರರವರೆಗೆ ಬಂದಿದ್ದಾಗ ಫಕ್ರುನ್ನಿಸಾ ಒಳಗಿನಿಂದ ಒಂದು ಸ್ಟೀಲ್ ಬಟ್ಟಲು, ಒಂದು ತಂಬಿಗೆ ಬಿಸಿನೀರು ತಂದಳು. ಬಟ್ಟಲನ್ನು ಎಲ್ಲರಿಗೂ ಕಾಣುವಂತೆ ಸ್ಟೂಲಿನ ಮೇಲಿಟ್ಟು, ನೀರು ಸುರಿದು, ಹಸಿರು ಬಟ್ಟೆ ಬಿಚ್ಚಿ ಹೂವು ಬಿಟ್ಟಳು.

"ಏನ ಮಾಡಾಕ ಹತ್ತಿ?" ಎಂದ ಮೀರಾಸಾಬ.

"ಮಂದಿ ನಿಮ್ಮ ಹೂವಿನ ಸುದ್ದಿ ಕೇಳ್ಯಾರ. ಕಣ್ಣಿಲೆ ನೋಡ್ಲಿ. ಊಟಾ ಆಗೂತನಕ ಇಲ್ಲೇ ಇರಲಿ. ಕುಂದರ್ರಿ ಎಲ್ಲಾರೂ, ಬಡಸ್ತೀನಿ."

ಜನ ಉಂಡರು. ಒಂದು ಪಂಕ್ತಿ ಎದ್ದು ಇನ್ನೊಂದು ಕೂತಿತು. ಬಡಿಸುವವರು ಬಟ್ಟಲು ಸುತ್ತಿಕೊಂಡು ಓಡಾಡಿದರು, ಮಕ್ಕಳು ಬಂದು ಇಣುಕಿ ನೋಡಿ ಹೋದವು. ಮೀರಾಸಾಬ ಅದನ್ನು ತೆಗೆಯಲು ಹೋದಾಗಲೆಲ್ಲ ಯಾರಾದರೂ, "ಇರಲಿ ಬಿಡ್ರಿ ಹಾಜಿಸಾಬ" ಎನ್ನುತ್ತಿದ್ದರು. ಕೊನೆಯ ಪಂಕ್ತಿ ಕೈತೊಳೆಯುವ ಹೊತ್ತಿಗೆ ಹೂವು ಪೂರಾ ಬಿಚ್ಚಿಕೊಂಡು ಬಟ್ಟಲು ತುಂಬ ಹರಡಿತ್ತು.

ಸ್ಟೇಷನ್ ರಸ್ತೆಯ ಅಂಗಡಿಯವನೊಬ್ಬ ಎಲೆಅಡಿಕೆ ಹಾಕಿಕೊಳ್ಳುತ್ತ ಕೇಳಿದ: "ಅಲ್ಲ ಚಾಚಿ, ಈಗ ಯಾರಿಗೆ ಬ್ಯಾನಿ ಬಂದಾವು?"

"ಅದನ್ನ ನಾನೂ ನೋಡಾಕ ಹತ್ತೀನಿ. ಇಲ್ಲಿ ಇರೂದು ಬಿರಿಯಾನಿ ತಿಂದ ಹೊಟ್ಟಿಗೊಳು."

ಅಂಗಳವೆಲ್ಲ ನಕ್ಕಿತು. ಯಾರೋ ಹೊಟ್ಟೆ ಹಿಡಿದುಕೊಂಡು ನರಳಿದಂತೆ ನಟಿಸಿದರು, ಇನ್ನೊಬ್ಬ ಹಾಜಿಸಾಬನನ್ನು ಕರೆಯಿರಿ ಎಂದು ಕೂಗಿದ. ಮೀರಾಸಾಬ ಕೂಡ ನಗಲು ನೋಡಿದ. ಆಗ ಹೆಂಗಸರ ಸಾಲಿನಿಂದ ಕಾಂತಾ ಎದ್ದು ಬಂದು ಬಟ್ಟಲಿನ ಮುಂದೆ ನಿಂತಳು.

"ಕಾಕಾ," ಎಂದಳು, "ಅವತ್ತ ನಮ್ಮ ಮನ್ಯಾಗೂ ಇದು ಹಿಂಗ ಬಿಚ್ಚಿತ್ತಲ್ರಿ?"

ನಗು ನಿಂತಿತು.

"ಯಾರೋ ಬಟ್ಟಲಾ ದಾಟಿದ್ದಕ್ಕ ಕೂಸು ಹೋತು ಅಂದಿದ್ರಿ. ಇಲ್ಲಿ ಇಷ್ಟ ಮಂದಿ ಅಡ್ಡಾಡ್ಯಾರ. ಇಲ್ಲೂ ಹಂಗ ಬಿಚ್ಚೈತಲ್ಲ? ನಮ್ಮ ಮನ್ಯಾಗ ಯಾರ ದಾಟಿದ್ರು, ಹೇಳ್ರಿ."

ಮೀರಾಸಾಬ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಅದು ಅಲ್ಲಾನ ಮರ್ಜಿ," ಎಂದು ಏನೋ ಶುರುಮಾಡಿದ. ಮಸೀದಿಯ ಆ ಹಿರಿಯರು ಕೂತಲ್ಲಿಂದಲೇ, "ದೇವರ ಹೆಸರ ತಗೀಬ್ಯಾಡ. ಆ ಹುಡುಗಿ ನಿನ್ನ ಕೇಳಾಕ ಹತ್ಯಾಳ," ಎಂದರು. ಗಂಗಾದೇವಿ ಸೊಸೆಯ ಹಿಂದೆ ಬಂದು ನಿಂತವಳು, ಅವಳ ಸೆರಗನ್ನು ಹಿಡಿದು ತನ್ನ ಕಣ್ಣಿಗೊತ್ತಿಕೊಂಡಳು. ಊಟಕ್ಕೆ ಬಂದಿದ್ದ ನಾನು ಮೀರಾಸಾಬನ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಪಶ್ಚಾತ್ತಾಪ ಹುಡುಕಿದೆ. ಸಿಕ್ಕಿದ್ದು ಮರ್ಯಾದೆ ಹೋಯಿತಲ್ಲ ಎಂಬ ಸಂಕಟ ಅಷ್ಟೇ.

ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ. ಜನರಿಗೆ ಬುದ್ಧಿ ಬಂದು ಬಿಟ್ಟರೆಂದಲ್ಲ. ನಗೆಗೀಡಾದವನ ಹೂವಿನಲ್ಲಿ ಶಕ್ತಿ ಇರುವುದಿಲ್ಲವೆಂದು ಬಿಟ್ಟರು. ಈಗ ಕೆಲವರು ಸಾಂಬ್ರಾ ಕಡೆಯ ಯಾರದೋ ತಾಯತಕ್ಕೆ ಹೋಗುತ್ತಾರೆಂದು ಕೇಳಿದ್ದೇನೆ. ಮೀರಾಸಾಬ ಖಾನಾಪುರದವರಿಗೆ ಈಮಾನಿಲ್ಲ ಎಂದು ಬೈಯುತ್ತ ಮತ್ತೆ ಮದುವೆ ಅಡುಗೆಗೆ ಹೋಗತೊಡಗಿದ. ಫರಾಜ ಹೆಂಡತಿ ಮಗುವನ್ನು ಕರೆದುಕೊಂಡು ಉದ್ಯಮಬಾಗದ ಹತ್ತಿರ ಬಾಡಿಗೆ ಮನೆ ಮಾಡಿದ. ಅಪ್ಪನಿಗೆ ಹೇಳದೆ ಅವನು ಮಾಡಿದ ಮೊದಲ ಕೆಲಸ ಅದು. ಅದನ್ನೂ ತಾಯಿ ಹೇಳಿದ ಮೇಲೆಯೇ ಮಾಡಿದ.

ಕಾಂತಾ ಮತ್ತೆ ಬಸುರಾದಳು. ಈ ಸಲ ಗಂಗಾದೇವಿಯೇ ಬಂದು ಫಕ್ರುನ್ನಿಸಾಳ ಕೈ ಹಿಡಿದು, "ನೀ ಆಕಿ ಜೋಡಿ ಹೋಗು ತಾಯಿ. ನನ್ನ ಮ್ಯಾಲ ನನಗ ಭರವಸಿ ಇಲ್ಲ," ಎಂದಳು. ದಿನ ತುಂಬುವ ಮೊದಲೇ ಅವರಿಬ್ಬರೂ ಬೆಳಗಾವಿಗೆ ಹೊರಟರು. ಗಾಡಿ ಹತ್ತುವಾಗ ಮೀರಾಸಾಬ ಬಾಗಿಲಿಗೆ ಬಂದು, "ನನ್ನ ಊಟಕ್ಕ ಹೆಂಗ?" ಎಂದು ಕೇಳಿದ. ಫಕ್ರುನ್ನಿಸಾ ಗಾಡಿಯ ಬಾಗಿಲು ಎಳೆದುಕೊಂಡಳು.

ನೆಹರು ನಗರದ ವಾರ್ಡಿನಲ್ಲಿ ಕಾಂತಾಳ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಅವಳು ದಿನವೂ ಸಣ್ಣ ಕೌದಿಯೊಂದನ್ನು ಹೊಲಿಯುತ್ತಿದ್ದಳು. ನೋಡಲು ಹೋದ ನಾನು ಮೀರಾಸಾಬ ಹೇಗಿದ್ದಾನೆಂದು ಕೇಳಿದೆ. "ಗೊತ್ತಿಲ್ರಿ," ಎಂದಳು, ದಾರ ಕಡಿಯುತ್ತ. ಅಷ್ಟರಲ್ಲಿ ಕಾಂತಾ ಮಂಚದ ಅಂಚು ಹಿಡಿದು ಎದ್ದು ಕೂತಳು. ಫಕ್ರುನ್ನಿಸಾ ಸೂಜಿಯನ್ನು ಕುಪ್ಪಸಕ್ಕೆ ಚುಚ್ಚಿಕೊಂಡು ನರ್ಸನ್ನು ಕರೆಯಲು ಹೋದಳು. ಆ ಸಂಜೆ ದುಂಡಪ್ಪನಿಗೆ ಗಂಡುಮಗು ಹುಟ್ಟಿತು, ಹುಟ್ಟಿದ ಕೂಡಲೇ ವಾರ್ಡೆಲ್ಲ ಕೇಳುವ ಹಾಗೆ ಅತ್ತಿತು.